ಅವರೆಕಾಯಿ ಸೊಗಡಿಗೊಂದು ಬಿಳಿ ವೈನ್

ವಕ್ಕಲೇರಿಯ ಚಳಿಗಾಲದ ಸಂಜೆಯೆಂದರೆ ಮನೆತುಂಬ ಅವರೆಕಾಯಿ ಸೊಗಡು. ಈ ಸಲ ಹಿತಕಿದ ಬೇಳೆ ಸಾರಿನ ಪಕ್ಕದಲ್ಲಿ ಸಾವಿನ್ಯಾನ್ ಬ್ಲಾಂಕ್ ಎಂಬ ಬಿಳಿ ವೈನ್ ಇಟ್ಟುಕೊಂಡೆ. ಅದೇ ಹೆಸರಿನ ಫ್ರಾನ್ಸ್ ಮೂಲದ ದ್ರಾಕ್ಷಿ ತಳಿಯನ್ನು ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ವೈನ್ ಸಂಸ್ಥೆ ನಂದಿಬೆಟ್ಟದ ತಪ್ಪಲಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ. ಅಲ್ಲಿನ ತಣ್ಣನೆಯ ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಪಾಡುತ್ತವೆ.

ಲೋಟ ಅಲ್ಲಾಡಿಸಿ ಮೂಸಿದರೆ ಮೊದಲು ನಿಂಬೆ ಸಿಪ್ಪೆ, ಹಿಂದೆಯೇ ಆಗಷ್ಟೇ ಕೊಯ್ದ ಹಸಿ ಹುಲ್ಲು. ಗುಟುಕರಿಸಿದರೆ ಸಿಹಿಯಿಲ್ಲ, ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿರುವುದರಿಂದಲೇ ಇದು ಡ್ರೈ ವೈನ್. ಶ್ರೀನಿವಾಸಪುರದ ಎಳೆ ಮಾವಿನಕಾಯಿ ಕಚ್ಚಿದ ಹಾಗೆ ಬಾಯಲ್ಲಿ ನೀರೂರುತ್ತದೆ.

ಆ ಹುಳಿಯೇ ಅದರ ಶಕ್ತಿ. ಹುರಿದ ಕೆರೆಮೀನಿನ ಜಿಡ್ಡನ್ನು ನಿಂಬೆರಸದಂತೆ ತೊಳೆಯುತ್ತದೆ; ಅವರೆಯ ಸೊಗಡಿಗೆ ತನ್ನ ಹಸಿರು ಘಮ ಬೆರೆಸುತ್ತದೆ. ಖಾರ ಮಾತ್ರ ಹದವಾಗಿರಲಿ, ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಇನ್ನಷ್ಟು ಕೆರಳಿಸುತ್ತದೆ. 8ರಿಂದ 10 ಡಿಗ್ರಿ ಸೆಲ್ಸಿಯಸ್ ತಂಪು ಸಾಕು. ಅತಿಯಾಗಿ ತಣಿದರೆ ಪರಿಮಳವೇ ಅಡಗಿಬಿಡುತ್ತದೆ.

ಬಯಲುಸೀಮೆಯ ಊಟಕ್ಕೆ ನಮ್ಮದೇ ಬೆಟ್ಟದ ವೈನ್ ಇಷ್ಟು ಚೆನ್ನಾಗಿ ಹೊಂದುವುದು ನನಗೆ ದೊಡ್ಡ ಸಂತೋಷ.