ಗುಂಡು ಎಣಿಸಲು ಕಲಿಸಿದ ಪುಸ್ತಕ

ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ಕಲಾಶ್ನಿಕೋವ್ ಬಂದೂಕಿನ ಗುಂಡು ಸೆಕೆಂಡಿಗೆ 800 ಮೀಟರ್ ಹೋಗುತ್ತದೆ. ರಷ್ಯದ ಸೈನಿಕನೊಬ್ಬ 3,200 ಮೀಟರ್ ದೂರದಲ್ಲಿದ್ದಾನೆ. ಅವನ ಹಣೆಗೆ ಗುರಿಯಿಟ್ಟು ಹೊಡೆದರೆ ಗುಂಡು ತಲುಪಲು ಎಷ್ಟು ಸೆಕೆಂಡು ಬೇಕು?

ಉತ್ತರ ನಾಲ್ಕು. ನಾಲ್ಕನೆಯ ತರಗತಿಯ ಗಣಿತ ಪುಸ್ತಕದಲ್ಲಿದ್ದ ಒಂದು ಲೆಕ್ಕದ ತಾತ್ಪರ್ಯ ಇದು. ಪುಸ್ತಕ ಆಫ್ಘಾನಿಸ್ತಾನದ ಮಕ್ಕಳಿಗಾಗಿ, ಅಚ್ಚಾದದ್ದು ಪಾಕಿಸ್ತಾನದಲ್ಲಿ, ಹಣ ಅಮೆರಿಕ ಸರ್ಕಾರದ್ದು.

ಅಮೆರಿಕದ ವಿದೇಶಾಂಗ ನೀತಿಯ ಬಗ್ಗೆ ಬರೆಯಲು ಊರಿನ ಶಾಲೆಯ ಟೀಚರಿಗೇನು ಗೊತ್ತು ಎಂದು ಯಾರಾದರೂ ಹುಬ್ಬೇರಿಸಿದರೆ ನನಗೇನೂ ಬೇಸರವಿಲ್ಲ. ಕ್ಷಿಪಣಿ, ಸೇನಾನೆಲೆ, ಭದ್ರತಾ ಮಂಡಳಿ ಇವುಗಳ ಬಗ್ಗೆ ಬಲ್ಲವರು ಬರೆದದ್ದು ಬೇಕಾದಷ್ಟಿದೆ. ಆದರೆ ಪಠ್ಯಪುಸ್ತಕದ ಮಾತು ಬಂದಾಗ ನಾನು ಸುಮ್ಮನಿರಲಾರೆ. ಸಮಾಜ ಪಾಠ ಹೇಳುತ್ತ, ಗಣಿತದ ಮೇಷ್ಟ್ರಿಲ್ಲದ ವರ್ಷಗಳಲ್ಲಿ ಲೆಕ್ಕವನ್ನೂ ಹೇಳಿಕೊಡುತ್ತ ಬಂದವಳು ನಾನು. ಒಂದು ದೇಶ ಇನ್ನೊಂದು ದೇಶದ ಜನರನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಅದರ ಅಧ್ಯಕ್ಷರ ಭಾಷಣಕ್ಕಿಂತ, ಆ ಜನರ ಮಕ್ಕಳ ಕೈಗೆ ಅದು ಕೊಟ್ಟ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ನನ್ನ ನಂಬಿಕೆ. ಆಫ್ಘಾನಿಸ್ತಾನ ನಮಗೆ ಅಷ್ಟೇನೂ ದೂರದ ದೇಶವೂ ಅಲ್ಲ. 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನಿಂದ ದೆಹಲಿಗೆ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಕಂದಹಾರದಲ್ಲಿ ನಿಲ್ಲಿಸಿಕೊಂಡಿದ್ದ ಆ ದಿನಗಳನ್ನು ನಮ್ಮಲ್ಲಿ ಯಾರು ಮರೆತಿದ್ದಾರೆ?

ಹಿನ್ನೆಲೆ ಸ್ವಲ್ಪ ಹೇಳಬೇಕು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಆಫ್ಘಾನಿಸ್ತಾನದೊಳಕ್ಕೆ ನುಗ್ಗಿತು. ಊರು ಬಿಟ್ಟು ಓಡಿದವರಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಪಾಕಿಸ್ತಾನ ಸೇರಿದರು. ರಷ್ಯದ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್ ಪಡೆಗಳಿಗೆ ಅಮೆರಿಕ ಪಾಕಿಸ್ತಾನದ ಮೂಲಕ ಹಣ ಕೊಟ್ಟಿತು, ಆಯುಧ ಕೊಟ್ಟಿತು. 1986ರಿಂದ ವಿಮಾನ ಉರುಳಿಸುವ ಸ್ಟಿಂಗರ್ ಕ್ಷಿಪಣಿಗಳನ್ನೂ ಕೊಟ್ಟಿತು. ಇವೆಲ್ಲ ಬಹಳ ಮಂದಿಗೆ ಗೊತ್ತಿರುವ ವಿಷಯ. ಅಷ್ಟಾಗಿ ಗೊತ್ತಿಲ್ಲದ್ದು ಶಾಲೆಯ ಕಥೆ. ಯುಎಸ್‌ಏಡ್ ಎಂದು ಹೆಸರಾಗಿದ್ದ ಅಮೆರಿಕದ ನೆರವಿನ ಸಂಸ್ಥೆ 1984ರಿಂದ 1994ರವರೆಗೆ ಆಫ್ಘನ್ ಶಿಕ್ಷಣದ ಕೆಲಸಕ್ಕೆಂದು ನೆಬ್ರಾಸ್ಕ ರಾಜ್ಯದ ಓಮಾಹ ವಿಶ್ವವಿದ್ಯಾಲಯದ ಮೂಲಕ 5 ಕೋಟಿ 10 ಲಕ್ಷ ಡಾಲರ್ ಖರ್ಚು ಮಾಡಿತು. ದರಿ ಮತ್ತು ಪಶ್ತೊ ಭಾಷೆಗಳ ಆ ಪಠ್ಯಪುಸ್ತಕಗಳು ಹುಟ್ಟಿದ್ದು ಈ ಹಣದಿಂದ. ನಿರಾಶ್ರಿತರ ಶಿಬಿರಗಳ ಶಾಲೆಗಳಿಗೂ ಗಡಿಯಾಚೆ ಮುಜಾಹಿದೀನ್ ಹಿಡಿತದಲ್ಲಿದ್ದ ಊರುಗಳಿಗೂ ಅವು ಹೋದವು.

ಆ ಪುಸ್ತಕಗಳ ಪಾಠಗಳನ್ನು ಅನುವಾದದಲ್ಲಿ ಓದಿದ್ದೇನೆ. ಅಕ್ಷರ ಕಲಿಸುವಾಗ ಒಂದು ಅಕ್ಷರಕ್ಕೆ ಬಂದೂಕು, ಇನ್ನೊಂದಕ್ಕೆ ಜಿಹಾದ್, ಮತ್ತೊಂದಕ್ಕೆ ಮುಜಾಹಿದ್. ಎಣಿಸಲು ಕಲಿಸುವಾಗ ಗುಂಡು, ಟ್ಯಾಂಕು, ನೆಲಬಾಂಬು. ನಮ್ಮ ಮಕ್ಕಳು ಅ ಅಗಸ, ಆ ಆನೆ ಎಂದು ತಿದ್ದಿ, ಮಾವಿನಹಣ್ಣು ಎಣಿಸಿ, ನೀರಿನ ತೊಟ್ಟಿ ತುಂಬಿಸುವ ನಲ್ಲಿಯ ಲೆಕ್ಕದಲ್ಲಿ ತಲೆ ಕೆರೆದುಕೊಳ್ಳುವ ವಯಸ್ಸಿನಲ್ಲಿ ಆ ಮಕ್ಕಳು ಸತ್ತ ಶತ್ರುಗಳನ್ನು ಕೂಡಿಸಿ ಕಳೆಯುತ್ತಿದ್ದರು.

ಪುಸ್ತಕವನ್ನು ಪುಸ್ತಕವಾಗಿಯೇ ಪರೀಕ್ಷಿಸೋಣ. ಮೇಲಿನ ಲೆಕ್ಕದಲ್ಲಿ ಭಾಗಾಕಾರ ಸರಿಯಾಗಿದೆ. ಆದರೆ ಗುಂಡು ಅಷ್ಟು ದೂರ ಅದೇ ವೇಗದಲ್ಲಿ ಹೋಗುವುದಿಲ್ಲ. ಗಾಳಿ ಅದರ ವೇಗವನ್ನು ತಡೆಯುತ್ತದೆ. ಆ ಬಂದೂಕಿನಿಂದ ಮೂರು ಕಿಲೋಮೀಟರಿನಾಚೆಯ ಹಣೆಗೆ ಗುರಿಯಿಡುವುದೂ ಆಗದ ಮಾತು. ಅಂದರೆ ಲೆಕ್ಕ ಬರೆದವರಿಗೆ ಮಗುವಿಗೆ ವೇಗ, ದೂರ, ಕಾಲಗಳ ಸಂಬಂಧ ತಿಳಿಯಲಿ ಎಂಬ ಕಾಳಜಿಗಿಂತ ಆ ಹಣೆಯ ಮೇಲೆಯೇ ಹೆಚ್ಚು ಕಣ್ಣಿತ್ತು. ಲೆಕ್ಕಕ್ಕೆ ಒಂದು ಕಥೆ ಜೋಡಿಸುವುದು ಏತಕ್ಕೆ? ಮಗು ತನಗೆ ಗೊತ್ತಿರುವ ವಸ್ತುವಿನ ಮೂಲಕ ಗೊತ್ತಿಲ್ಲದ ಸಂಖ್ಯೆಯನ್ನು ಹಿಡಿಯಲಿ ಎಂದು. ಇಲ್ಲಿ ಅದು ತಿರುವುಮುರುವಾಗಿದೆ. ಸಂಖ್ಯೆಯ ಬೆನ್ನ ಮೇಲೆ ಕೊಲ್ಲುವ ಪಾಠ ಕೂತಿದೆ.

ಇದಕ್ಕೆ ಸಮಾಧಾನ ಹೇಳುವವರಿದ್ದರು. ಪುಸ್ತಕದ ಒಳಗಿನ ಮಾತನ್ನು ತೀರ್ಮಾನಿಸಿದವರು ಆಫ್ಘನರೇ. ಪೇಶಾವರದಲ್ಲಿ ಮುಜಾಹಿದೀನ್ ಪಕ್ಷಗಳ ಶಿಕ್ಷಣ ಕೇಂದ್ರದವರು ಬರೆದದ್ದನ್ನು ನಾವು ಅಚ್ಚು ಹಾಕಿಸಿಕೊಟ್ಟೆವು, ಅಷ್ಟೆ ಎಂದು. ಅಡುಗೆ ಅವರದು, ದಿನಸಿ ಮಾತ್ರ ನಮ್ಮದು ಎನ್ನುವಂತಿದೆ ಈ ಮಾತು. ತನ್ನ ನೆಬ್ರಾಸ್ಕದ ಮಕ್ಕಳ ಪುಸ್ತಕದಲ್ಲಿ ಇಂಥ ಒಂದು ಲೆಕ್ಕವನ್ನು ಆ ಸರ್ಕಾರ ಒಪ್ಪುತ್ತಿತ್ತೆ?

ಇನ್ನೊಂದು ಸಮಾಧಾನವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಆ ಮಕ್ಕಳು ಕಂಡದ್ದೇ ಯುದ್ಧ. ರಷ್ಯದವರು ವಿಮಾನದಿಂದ ಚೆಲ್ಲಿದ ಚಿಟ್ಟೆಯಾಕಾರದ ಪುಟ್ಟ ಬಾಂಬುಗಳನ್ನು ಆಟಿಕೆಯೆಂದು ಎತ್ತಿಕೊಂಡು ಕೈ ಕಳೆದುಕೊಂಡ ಮಕ್ಕಳಿದ್ದರು. ಕಾಬೂಲಿನ ಸರ್ಕಾರವೂ ತನ್ನ ಪಠ್ಯಗಳಲ್ಲಿ ರಷ್ಯದ ಗುಣಗಾನ ತುಂಬಿಸಿತ್ತು. ಅಂಥ ಕಡೆ ಮಾವಿನಹಣ್ಣಿನ ಲೆಕ್ಕ ಹೇಳಿದರೆ ನಡೆದೀತೆ? ನಡೆಯುತ್ತದೆ ಎಂದೇ ನನ್ನ ಉತ್ತರ. ಮನೆಯಲ್ಲಿ ಹೊಡೆದಾಟ ಕಂಡು ಬರುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಟೀಚರುಗಳಾದ ನಾವು ಅವರಿಗೆ ಹೊಡೆದಾಟದ ಲೆಕ್ಕ ಕೊಡುವುದಿಲ್ಲ. ಮಗುವಿಗೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ಬೇರೆ ಪ್ರಪಂಚವೊಂದು ಇದೆಯೆಂದು ತೋರಿಸುವುದಕ್ಕೇ ಶಾಲೆ ಇರುವುದು.

1989ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಹಿಂದಿರುಗಿತು. ಶತ್ರು ಹೋದ, ಪುಸ್ತಕ ಉಳಿಯಿತು. 1996ರಲ್ಲಿ ಕಾಬೂಲನ್ನು ಹಿಡಿದ ತಾಲಿಬಾನರೂ ಅವೇ ಪುಸ್ತಕಗಳನ್ನು ಬಳಸಿದರು. ಒಂದೇ ತಿದ್ದುಪಡಿ: ಮನುಷ್ಯರ ಚಿತ್ರ ನಿಷಿದ್ಧವೆಂದು ಮುಖಗಳನ್ನು ಕೆರೆದು ಹಾಕಿದರು. ಹೆಗಲಿನ ಬಂದೂಕು ಹಾಗೆಯೇ ಇತ್ತು, ತಲೆ ಇರಲಿಲ್ಲ.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. 2001ರ ಸೆಪ್ಟೆಂಬರ್ 11ರಂದು ಸುಮಾರು ಮೂರು ಸಾವಿರ ಜನರನ್ನು ಕೊಂದ 19 ಮಂದಿಯಲ್ಲಿ ಒಬ್ಬನೂ ಆಫ್ಘನನಲ್ಲ. 15 ಮಂದಿ ಸೌದಿ ಅರೇಬಿಯದವರು. ಆ ಪುಸ್ತಕ ಓದಿದವರು ಬಂದು ಅಮೆರಿಕದ ಮೇಲೆ ಬಿದ್ದರು ಎಂದು ಹೇಳಿದರೆ ಅದು ಸುಳ್ಳು. ಆದರೆ ಒಸಾಮಾ ಬಿನ್ ಲಾಡೆನ್ ನೆಲೆಯೂರಲು ಜಾಗ ಸಿಕ್ಕಿದ್ದು ಬಂದೂಕೇ ನ್ಯಾಯವಾಗಿಬಿಟ್ಟ ಆ ನೆಲದಲ್ಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತಾರೆ. ಆ ಗಿಡವನ್ನು ಹಣ ಕೊಟ್ಟು ಸೊಟ್ಟಗೆ ಬಗ್ಗಿಸಿದವರಲ್ಲಿ ಅಮೆರಿಕವೂ ಒಂದು.

2001ರ ಅಕ್ಟೋಬರ್ 7ರಂದು ಬಾಂಬುದಾಳಿ ಶುರುವಾಯಿತು. ನವೆಂಬರ್ 17ರಂದು ಅಧ್ಯಕ್ಷರ ಪತ್ನಿ ಲಾರಾ ಬುಷ್ ರೇಡಿಯೊದಲ್ಲಿ ಮಾತಾಡಿ, ಭಯೋತ್ಪಾದನೆಯ ವಿರುದ್ಧದ ಹೋರಾಟ ಹೆಂಗಸರ ಹಕ್ಕಿಗಾಗಿ, ಗೌರವಕ್ಕಾಗಿ ನಡೆಯುವ ಹೋರಾಟವೂ ಹೌದು ಎಂಬ ಅರ್ಥದ ಮಾತು ಹೇಳಿದರು. ಆಕೆಯೂ ಒಂದು ಕಾಲಕ್ಕೆ ಶಾಲೆಯ ಟೀಚರಾಗಿದ್ದವರು. ಅವರ ಮನಸ್ಸನ್ನು ಅನುಮಾನಿಸಲು ನನಗೆ ಇಷ್ಟವಿಲ್ಲ. ಆದರೆ ಆ ಮಾತಿನಿಂದ ಒಂದು ಸಾಲ ಹುಟ್ಟಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಯುದ್ಧದ ಕಾರಣಗಳ ಪಟ್ಟಿಯಲ್ಲಿ ಆಫ್ಘನ್ ಹುಡುಗಿಯ ಹೆಸರು ಸೇರಿತು. ಅವಳನ್ನು ಯಾರೂ ಕೇಳಿರಲಿಲ್ಲ.

2002ರ ಮಾರ್ಚ್ 23ರಂದು ಹೊಸ ಆಡಳಿತದಲ್ಲಿ ಶಾಲೆಗಳು ತೆರೆದವು. ಹುಡುಗಿಯರು ಬಂದರು. ಯುಎಸ್‌ಏಡ್ ಮತ್ತೆ ಅದೇ ಓಮಾಹ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು, ಅವೇ ಪುಸ್ತಕಗಳಿಂದ ಬಂದೂಕು, ಗುಂಡುಗಳನ್ನು ತೆಗೆಸಿ, ಹೊಸದಾಗಿ ಅಚ್ಚು ಹಾಕಿಸಿತು. ಆ ತಿಂಗಳು ಅಧ್ಯಕ್ಷ ಬುಷ್ ತಮ್ಮ ರೇಡಿಯೊ ಭಾಷಣದಲ್ಲಿ, ಇನ್ನು ಆ ಮಕ್ಕಳ ಪುಸ್ತಕಗಳು ಮತಾಂಧತೆಯ ಬದಲು ಮನುಷ್ಯನ ಘನತೆಯನ್ನು ಕಲಿಸುತ್ತವೆ ಎಂದು ಸಂತೋಷಪಟ್ಟರು. ಶಾಲೆ ತೆರೆದ ದಿನವೇ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಹಳೆಯ ಪುಸ್ತಕಗಳ ಖರ್ಚು ಯಾರದಾಗಿತ್ತು ಎಂಬುದನ್ನು ಅಚ್ಚುಮಾಡಿತು. ತನ್ನ ಸರ್ಕಾರದ ಹುಳುಕನ್ನು ತಾನೇ ಬಯಲಿಗೆಳೆಯುವ ಪತ್ರಿಕೆಗಳು ಆ ದೇಶದಲ್ಲಿವೆ ಎಂಬುದನ್ನೂ ಹೇಳಲೇಬೇಕು.

ಈ ಹಿನ್ನೆಲೆಯಲ್ಲಿ ಒಂದು ಸಿನಿಮಾದ ಮಾತು ಬರುತ್ತದೆ. 2007ರಲ್ಲಿ ಬಂದ ‘ಚಾರ್ಲಿ ವಿಲ್ಸನ್ಸ್ ವಾರ್’ ಎಂಬ ಚಿತ್ರ ಮುಜಾಹಿದೀನರಿಗೆ ಹಣ ಕೊಡಿಸಿದ ಟೆಕ್ಸಾಸಿನ ಜನಪ್ರತಿನಿಧಿಯೊಬ್ಬರ ಕಥೆ. ಟಾಮ್ ಹ್ಯಾಂಕ್ಸ್ ನಟನೆ ಚೆನ್ನಾಗಿದೆ, ನಗು ಇದೆ, ಚುರುಕಿದೆ. ಕೊನೆಯಲ್ಲಿ ನಾಯಕ ಆಫ್ಘಾನಿಸ್ತಾನದಲ್ಲಿ ಶಾಲೆ ಕಟ್ಟಲು ಬರೀ ಹತ್ತು ಲಕ್ಷ ಡಾಲರ್ ಕೇಳುತ್ತಾನೆ; ಆಯುಧಕ್ಕೆ ಕೋಟಿಗಟ್ಟಲೆ ಸುರಿದವರು ಅದಕ್ಕೆ ಒಲ್ಲೆ ಎನ್ನುತ್ತಾರೆ. ಅಯ್ಯೋ, ಆಗ ಒಂದು ಶಾಲೆ ಕಟ್ಟಿಸಿದ್ದರೆ ಎಂದು ನೋಡುವವರ ಕಣ್ಣು ಒದ್ದೆಯಾಗುತ್ತದೆ. ನನಗೆ ಆ ದೃಶ್ಯದಲ್ಲಿ ತಕರಾರಿದೆ. ನಾವು ಶಾಲೆಯನ್ನು ಮರೆತೆವು ಎಂಬ ಪಶ್ಚಾತ್ತಾಪ ಹಿತವಾದದ್ದು. ಮರೆವು ದೊಡ್ಡ ಪಾಪವಲ್ಲವಲ್ಲ! ಆದರೆ ಅಮೆರಿಕ ಶಾಲೆಯನ್ನು ಮರೆತಿರಲಿಲ್ಲ. ಚೆನ್ನಾಗಿಯೇ ನೆನಪಿಟ್ಟುಕೊಂಡು ಹತ್ತು ವರ್ಷ ಹಣ ಕೊಟ್ಟಿತ್ತು. ಆ ಹಣದಲ್ಲಿ ಏನು ಕಲಿಸಿದರು ಎಂಬ ಪ್ರಶ್ನೆ ಚಿತ್ರದ ಹತ್ತಿರಕ್ಕೂ ಸುಳಿಯುವುದಿಲ್ಲ.

ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಒಳ್ಳೆಯದೇನೂ ಆಗಲಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ಯುನೆಸ್ಕೊ ಹೇಳುವಂತೆ 2001ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಶಾಲಾ ಮಕ್ಕಳ ಸಂಖ್ಯೆ 2018ರ ಹೊತ್ತಿಗೆ ಒಂದು ಕೋಟಿಯ ಹತ್ತಿರ ಬಂತು. ಪ್ರಾಥಮಿಕ ಶಾಲೆಗಳಲ್ಲಿ ಇಲ್ಲವೇ ಇಲ್ಲವೆನ್ನಬಹುದಾಗಿದ್ದ ಹುಡುಗಿಯರು 25 ಲಕ್ಷವಾದರು. ಇದರಲ್ಲಿ ಅಮೆರಿಕದ ಹಣವಿತ್ತು, ಸೈನಿಕರ ಕಾವಲಿತ್ತು. ಬಾಂಬಿನ ಭಯದಲ್ಲೂ ಪಾಠಕ್ಕೆ ನಿಂತ ಆಫ್ಘನ್ ಟೀಚರುಗಳ ಧೈರ್ಯ ಎಲ್ಲಕ್ಕಿಂತ ಹೆಚ್ಚಾಗಿತ್ತು.

ಆದರೆ ಯುದ್ಧ ಮುಗಿಯಲಿಲ್ಲ. ಅಮೆರಿಕದ 2,400ಕ್ಕೂ ಹೆಚ್ಚು ಸೈನಿಕರು ಸತ್ತರು. ಆಫ್ಘನ್ ನಾಗರಿಕರು ಸತ್ತದ್ದು ನಲವತ್ತು ಸಾವಿರವನ್ನೂ ಮೀರಿತು. ಅಲ್ಲಿಯ ತಾಯಂದಿರಿಗೂ ಮಕ್ಕಳು ಮನೆಗೆ ಬಂದರೆ ಸಾಕು ಎನಿಸಿತ್ತು. ಅದನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ಒಂದು ದೇಶ ಇನ್ನೊಬ್ಬರ ಮನೆಯಲ್ಲಿ ಎಂದೆಂದಿಗೂ ಕಾವಲು ಕೂರಲಾಗದು. ಭಯೋತ್ಪಾದನೆಯ ಕಾಲದಲ್ಲಿ ಆ ದೊಡ್ಡ ದೇಶಕ್ಕೆ ಎದುರಾದ ನಿಜವಾದ ಕಷ್ಟ ಇದೇ. ಬಾಂಬು ಹಾಕಿ ಶತ್ರುವನ್ನು ಓಡಿಸಲು ಎರಡು ತಿಂಗಳು ಸಾಕಾಯಿತು. ಅವನು ಬಿಟ್ಟುಹೋದ ಜಾಗದಲ್ಲಿ ಬೇರೆಯದನ್ನು ಬೆಳೆಸಲು ಒಂದು ತಲೆಮಾರು ಬೇಕು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲುವವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದಕ್ಕೆ ಸಹಿ ಹಾಕಿದವು. ಕಾಬೂಲಿನ ಸರ್ಕಾರ ಅದರಲ್ಲಿ ಪಕ್ಷವಾಗಿರಲಿಲ್ಲ. ನಾಲ್ಕು ಪುಟದ ಒಪ್ಪಂದ ಅದು. ಸೈನ್ಯ ಎಂದು ಹಿಂದಿರುಗಬೇಕು, ಎಷ್ಟು ಕೈದಿಗಳನ್ನು ಬಿಡಬೇಕು, ಆ ನೆಲದಿಂದ ಅಮೆರಿಕದ ಮೇಲೆ ದಾಳಿಯಾಗದಂತೆ ಹೇಗೆ ತಡೆಯಬೇಕು ಎಲ್ಲವೂ ಇದೆ. ಹೆಣ್ಣುಮಕ್ಕಳ ಬಗ್ಗೆ, ಅವರ ಶಾಲೆಯ ಬಗ್ಗೆ ಒಂದು ಶಬ್ದವೂ ಇಲ್ಲ. ಯುದ್ಧಕ್ಕೆ ಹೊರಡುವಾಗ ರೇಡಿಯೊದಲ್ಲಿ ಅವಳ ಹೆಸರು ಹೇಳಿದರು. ಬಿಟ್ಟು ಹೊರಡುವಾಗ ಕಾಗದದಲ್ಲಿ ಬರೆಯಲಿಲ್ಲ. ನನ್ನ ಆಕ್ಷೇಪ ಅವರು ಹೊರಟದ್ದಕ್ಕಲ್ಲ, ಈ ಬಿಟ್ಟುಹೋದ ಶಬ್ದಕ್ಕೆ.

ಪೇಶಾವರದ ಪುಸ್ತಕವನ್ನೂ ದೋಹಾದ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಎರಡರದೂ ಒಂದೇ ಕೈಬರಹ ಎನಿಸುತ್ತದೆ. ಶತ್ರು ರಷ್ಯವಾಗಿದ್ದಾಗ ಮಗುವಿಗೆ ಜಿಹಾದ್ ಕಲಿಸುವುದು ಉಪಯೋಗವಾಗಿತ್ತು, ಕಲಿಸಿದರು. ಶತ್ರು ಬದಲಾದಾಗ ಆ ಪುಟ ಹರಿದು ಘನತೆಯ ಪಾಠ ಸೇರಿಸಿದರು. ಶತ್ರುವಿನೊಡನೆ ರಾಜಿಯಾದಾಗ ಪಾಠದ ಮಾತನ್ನೇ ಬಿಟ್ಟರು. ಪ್ರತಿ ಸಲವೂ ಪಾಠ ತಯಾರಾದದ್ದು ಶತ್ರುವನ್ನು ನೋಡಿ. ಕಲಿಯುವ ಮಗುವನ್ನು ನೋಡಿ ಅಲ್ಲ.

2021ರ ಆಗಸ್ಟ್ 15ರಂದು ತಾಲಿಬಾನರು ಕಾಬೂಲಿಗೆ ಬಂದರು. 30ರಂದು ಕೊನೆಯ ಅಮೆರಿಕನ್ ವಿಮಾನ ಹೊರಟಿತು. 2022ರ ಮಾರ್ಚ್ 23ರಂದು ಹುಡುಗಿಯರ ಪ್ರೌಢಶಾಲೆಗಳು ತೆರೆಯುತ್ತವೆಂದು ಹೇಳಿದ್ದರು. ಹುಡುಗಿಯರು ಸಮವಸ್ತ್ರ ತೊಟ್ಟು ಬಂದು ಕೂತರು. ಕೆಲವೇ ಗಂಟೆಗಳಲ್ಲಿ ಮನೆಗೆ ಹೋಗಿ ಎಂಬ ಆಜ್ಞೆ ಬಂತು. ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷದ ಹಿಂದೆ ಇದೇ ದಿನ ಶಾಲೆ ತೆರೆದದ್ದು. ಆ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು.

2002ರಲ್ಲಿ ಒಂದನೆಯ ತರಗತಿಗೆ ಸೇರಿದ ಹುಡುಗಿ ಓದು ಮುಗಿಸಿ ಟೀಚರಾಗಿ ನಾಲ್ಕು ಕಾಸು ದುಡಿಯುವಷ್ಟು ಕಾಲ ಸಿಕ್ಕಿತ್ತು. ಅವಳ ಮಗಳಿಗೆ ಆರನೆಯ ತರಗತಿಯೇ ಕೊನೆ. ಆರನೆಯ ತರಗತಿ ಎಂದರೆ ಏನೆಂದು ಪಾಠ ಹೇಳುವವರಿಗೆ ಗೊತ್ತು. ಭಿನ್ನರಾಶಿ ಆಗಷ್ಟೇ ಕೈಗೆ ಹತ್ತಿರುತ್ತದೆ. ಗೊತ್ತಿಲ್ಲದ ಸಂಖ್ಯೆಗೆ ಒಂದು ಅಕ್ಷರ ಇಟ್ಟುಕೊಂಡು ಅದನ್ನು ಹುಡುಕುವ ಬೀಜಗಣಿತ ಇನ್ನೇನು ಶುರುವಾಗಬೇಕು. ಅಲ್ಲಿಗೆ ಅವಳ ಪುಸ್ತಕ ಮುಚ್ಚುತ್ತಾರೆ.