ಓದುವವರು ಬರುವವರೆಗೆ

ರುದ್ರಪಟ್ಟಣ ಸಂಗೀತಗಾರರ ಊರು. ಕಾವೇರಿ ದಂಡೆಯ ಈ ಊರಿನಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಕಛೇರಿಯಲ್ಲಿ ಹಾಡುವವರೂ ಪಿಟೀಲಿನವರೂ ಒಂದೇ ಗಳಿಗೆಯಲ್ಲಿ ಎಚ್ಚರವಿರಬೇಕು. ಅಂಚೆಯ ಕಾಗದಕ್ಕೆ ಆ ಹಂಗಿಲ್ಲ. ಅಮ್ಮ ಇಲ್ಲಿ ಡಬ್ಬಕ್ಕೆ ಹಾಕಿದ್ದನ್ನು ಬೆಂಗಳೂರಿನ ಮಗ ಬಿಡುವಾದಾಗ ಓದಿಕೊಳ್ಳುತ್ತಾನೆ.

ಯೂನಿಕ್ಸ್‌ನ ಮೆಸೇಜ್ ಕ್ಯೂ, ಅಂದರೆ ಪ್ರೋಗ್ರಾಂಗಳು ಒಂದಕ್ಕೊಂದು ಕಳಿಸುವ ಸಂದೇಶಗಳ ಸಾಲು, ನನಗೆ ಇಷ್ಟವಾಗುವುದು ಇದಕ್ಕೇ. ಒಂದು ಪ್ರೋಗ್ರಾಂ ಸಂದೇಶ ಹಾಕಿ ಮುಗಿದೇ ಹೋಗಲಿ, ಯೂನಿಕ್ಸ್‌ನ ತಿರುಳಾದ ಕರ್ನಲ್ ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಸಾಲು ಖಾಲಿಯಿದ್ದರೆ, ಓದಲು ಬಂದ ಪ್ರೋಗ್ರಾಂ ಪ್ರೊಸೆಸರನ್ನು ಸುಮ್ಮನೆ ದುಡಿಸದೆ ನಿದ್ದೆಹೋಗುತ್ತದೆ. ಸಂದೇಶ ಬಿದ್ದೊಡನೆ ಕರ್ನಲ್ಲೇ ಎಬ್ಬಿಸುತ್ತದೆ. ಸಾಲು ತುಂಬಿದ್ದರೆ ಕಾಯುವ ಸರದಿ ಕಳಿಸುವವರದು.

ಈ ಕ್ಯೂಗಳ ಸಿಸ್ಟಮ್ ಫೈವ್ ಎಂಬ ಪದ್ಧತಿಯಲ್ಲಿ ನನ್ನ ಮನಸ್ಸು ಗೆದ್ದದ್ದು ಪ್ರತಿ ಸಂದೇಶದ ನೆತ್ತಿಯ ಮೇಲಿರುವ ಅಂಕಿ. 1, 2, 1 ಎಂದು ಮೂರು ಸಂದೇಶ ನಿಂತಿವೆ ಎನ್ನಿ. 2 ಬೇಕೆಂದು ಕೇಳಿದರೆ ನಡುವಿನದು ಮಾತ್ರ ಕೈಗೆ ಬರುತ್ತದೆ, ಉಳಿದೆರಡು ಮಿಸುಕುವುದಿಲ್ಲ. 0 ಎಂದರೆ ಮೊದಲು ನಿಂತದ್ದು. ಒಂದೇ ಸಾಲಿನಲ್ಲಿ ಹಲವರ ಟಪಾಲು, ಯಾರದ್ದೂ ಅದಲುಬದಲಾಗದು! ಎಷ್ಟು ಚೊಕ್ಕವಾದ ಯೋಚನೆ.

ಕೆಲಸ ಮುಗಿದ ಮೇಲೆ ಕ್ಯೂವನ್ನು ನಾವೇ ಅಳಿಸಬೇಕು. ಮರೆತರೆ ಯಂತ್ರ ಮರುಚಾಲೂ ಆಗುವವರೆಗೂ ಅದು ಹಾಗೇ ಉಳಿದಿರುತ್ತದೆ, ಒಳಗೆ ಓದದ ಸಂದೇಶಗಳನ್ನು ಇಟ್ಟುಕೊಂಡು.