ಹೆಗಲು ಹಗುರಾದದ್ದು ಯಾರದು?

ಉರ್ದುವಿನಲ್ಲಿ ನಿವೃತ್ತಿಗೆ ‘ಸುಬುಕ್‌ದೋಶಿ’ ಎನ್ನುತ್ತಾರೆ. ಸುಬುಕ್ ಎಂದರೆ ಹಗುರ, ದೋಶ್ ಎಂದರೆ ಹೆಗಲು. ಹೊತ್ತ ಭಾರ ಇಳಿಸಿದವನು ಸುಬುಕ್‌ದೋಶ್. ಕನ್ನಡದ ಕಿವಿಗೆ ಮಾತ್ರ ಅದರಲ್ಲಿ ‘ದೋಷಿ’ ಕೇಳಿಸುತ್ತದೆ. ಬಿಎಸ್ಸೆನ್ನೆಲ್‌ನ 2019ರ ಸ್ವಯಂ ನಿವೃತ್ತಿ ಯೋಜನೆಯನ್ನು ಒಂದು ಪಠ್ಯವಾಗಿ ಓದಿದರೆ ಈ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆ.

50 ತುಂಬಿದ ಕಾಯಂ ನೌಕರರು ನವೆಂಬರ್ 4ರಿಂದ ಡಿಸೆಂಬರ್ 3ರೊಳಗೆ ಅರ್ಜಿ ಹಾಕಬೇಕಿತ್ತು. ಮುಗಿಸಿದ ಪ್ರತಿ ವರ್ಷದ ಸೇವೆಗೆ 35 ದಿನದ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಯೋಜನೆ ಜಿಪುಣತನದ್ದಲ್ಲ, ಒಪ್ಪೋಣ. ಸುಮಾರು ಒಂದೂವರೆ ಲಕ್ಷ ನೌಕರರಲ್ಲಿ 78 ಸಾವಿರಕ್ಕೂ ಹೆಚ್ಚು ಜನ 2020ರ ಜನವರಿ 31ರಂದು, ಒಂದೇ ದಿನ, ಹೊರನಡೆದರು. ಯಾರೂ ಕುತ್ತಿಗೆ ಹಿಡಿದು ದೂಡಲಿಲ್ಲ. ಆದರೆ 2019ರ ಆರಂಭದಲ್ಲೇ ಸಂಬಳ ತಡವಾಗಿತ್ತು. ನಿವೃತ್ತಿ ವಯಸ್ಸು 58ಕ್ಕೆ ಇಳಿಯುತ್ತದೆಂಬ ಸುದ್ದಿ ಹಬ್ಬಿತ್ತು. ಮುಂದಿನ ತಿಂಗಳ ಪಗಾರದ ಭರವಸೆಯಿಲ್ಲದವನ ಕೈಗೆ ಅರ್ಜಿ ಕೊಟ್ಟು ‘ಸ್ವಯಂ’ ಎಂದರೆ ಆ ಪದಕ್ಕೆ ಏನು ಉಳಿಯಿತು?

ವರಮಾನದ ಮುಕ್ಕಾಲು ಪಾಲು ಸಂಬಳಕ್ಕೇ ಹೋಗುತ್ತದೆಂಬುದು ಆಗಿನ ದೊಡ್ಡ ವಾದ. ಲೆಕ್ಕ ಸುಳ್ಳಲ್ಲ, ಅರ್ಧ ಲೆಕ್ಕ. ವರಮಾನ ಕುಸಿದರೆ ಸಂಬಳದ ಪಾಲು ತಾನಾಗಿಯೇ ದೊಡ್ಡದಾಗಿ ಕಾಣುತ್ತದೆ. ಜಿಯೋ 4ಜಿ ಹಿಡಿದು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಬಿಎಸ್ಸೆನ್ನೆಲ್‌ಗೆ 4ಜಿ ತರಂಗಾಂತರ ಕೊಡುವ ತೀರ್ಮಾನವಾದದ್ದು, ನೌಕರರನ್ನು ಕಳಿಸುವ ತೀರ್ಮಾನದ ಜೊತೆಗೇ, 2019ರ ಅಕ್ಟೋಬರ್‌ನಲ್ಲಿ. ಅದರ ಸ್ವದೇಶಿ 4ಜಿ ಜಾಲ ಉದ್ಘಾಟನೆಯಾಗುವಾಗ 2025ರ ಸೆಪ್ಟೆಂಬರ್ ಬಂದಿತ್ತು. ಈ ವಿಳಂಬ ಲೈನ್‌ಮನ್ ಮಾಡಿದ್ದಲ್ಲ.

ಲೈನ್‌ಮನ್ ಎಂದಾಗ ನಮ್ಮ ಜಮಖಂಡಿ, ಮುಧೋಳದ ಕಡೆಯವರಿಗೆ ಸೈಕಲ್ಲು, ಏಣಿ, ಕಬ್ಬಿನ ಹೊಲದ ಬದು ನೆನಪಾಗುತ್ತವೆ. ನೂಲು ಎಲ್ಲಿ ಹರಿಯಿತೆಂದು ಬನಹಟ್ಟಿಯ ನೇಕಾರನ ಬೆರಳಿಗೆ ತಿಳಿಯುವಂತೆ, ಕೇಬಲ್ಲಿನ ಯಾವ ಜಾಯಿಂಟು ಯಾವ ಮಳೆಗೆ ಕೈಕೊಡುತ್ತದೆಂದು ಅವನಿಗೆ ತಿಳಿದಿರುತ್ತಿತ್ತು. ಅದು ಕಡತದಲ್ಲಿರಲಿಲ್ಲ, ತಲೆಯಲ್ಲಿತ್ತು; ಜನವರಿ 31ರ ಸಂಜೆ ಅವನೊಡನೆ ಮನೆಗೆ ಹೋಯಿತು. ಉಳಿತಾಯದ ಲೆಕ್ಕದಲ್ಲಿ ಇದಕ್ಕೆ ಕಲಮು ಇಲ್ಲ.

ಗುತ್ತಿಗೆ ಕಾರ್ಮಿಕರಿಗಂತೂ ಪಠ್ಯದಲ್ಲೇ ಜಾಗವಿಲ್ಲ. ತಿಂಗಳುಗಟ್ಟಲೆ ಕೂಲಿ ಬಾಕಿ ಉಳಿದವರು ಅವರು; ಅವರಿಗೆ 35 ದಿನವೂ ಇಲ್ಲ, 25 ದಿನವೂ ಇಲ್ಲ. 2024ರ ಕೊನೆಗೆ ಎರಡನೆಯ ಸ್ವಯಂ ನಿವೃತ್ತಿ ಯೋಜನೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೂ ಲೆಕ್ಕ ಹಾಕಿದ್ದು ಕಾಯಂ ತಲೆಗಳನ್ನೇ.